‘ಕೊಡ್ರಿ’ಯಲ್ಲಿರೋ ‘ರಿ’ ಇಂಗ್ಲಿಷಿಗೆ ಹೋದಾಗ ಎಲ್ಲಿ ಬಿದ್ದೋಗತ್ತೆ? ಪ್ರಾಗ್ಮ್ಯಾಟಿಕ್ ಫೇಲ್ಯೂರ್ ನೋಟ್ಸ್

ಎಂಎ ಇಂಗ್ಲಿಷ್ ಓದ್ತಿರೋರಿಗೆ, ಫಸ್ಟ್ ಇಯರ್ ಹುಡುಗರಿಗೆ ಇಂಗ್ಲಿಷ್ ಹೇಳ್ಕೊಡೋಕೆ ಹೊರಟಿರೋರಿಗೆ ಈ ನೋಟ್ಸ್. ನಾನು ದಾವಣಗೆರೆಯಲ್ಲಿ ಎಂಎ ಕೊನೇ ಸೆಮಿಸ್ಟರ್. ಸಾಯಂಕಾಲ ನಮ್ ರೂಮಿನ ಹತ್ರ ದೇವಸ್ಥಾನದ ಪಕ್ಕದ ಹಾಲ್‌ನಲ್ಲಿ ಹನ್ನೆರಡು ಜನ ಬಿಕಾಂ ಫಸ್ಟ್ ಇಯರ್ ಹುಡುಗ ಹುಡುಗಿಯರಿಗೆ ಇಂಗ್ಲಿಷ್ ಮಾತಾಡೋದು ಹೇಳ್ಕೊಡ್ತೀನಿ. ಜಗಳೂರು, ಚನ್ನಗಿರಿ, ಹೊಳಲ್ಕೆರೆ, ಮೊಳಕಾಲ್ಮೂರು ಕಡೆಯಿಂದ ಬಂದೋರು, ಪಿಯುಸಿವರೆಗೂ ಕನ್ನಡ ಮೀಡಿಯಂ. ಪ್ರಾಗ್ಮ್ಯಾಟಿಕ್ ಫೇಲ್ಯೂರ್ ಅಂದ್ರೆ ಗ್ರಾಮರ್ ಸರಿ ಇದ್ರೂ ಹೇಳಿದ್ದು ಕೇಳಿದೋರಿಗೆ ನಾವು ಅಂದ್ಕೊಂಡಂಗೆ ತಲುಪದೇ ಇರೋದು. ಭಾಷಾವಿಜ್ಞಾನಿ ಜೆನ್ನಿ ಥಾಮಸ್ ಅವರು 1983ರ ಪೇಪರ್‌ನಲ್ಲಿ ಹೇಳೋ ಎರಡು ಥರದ ಪ್ರಾಗ್ಮ್ಯಾಟಿಕ್ ಫೇಲ್ಯೂರ್ ಯಾವುದು ಯಾವುದು ಅನ್ನೋದು ನಂಗೆ ಮೂರು ವಾರ ತಲೆಗೇ ಹತ್ತಿರಲಿಲ್ಲ. ಹೋದ ವಾರ ಹತ್ತಿದೆ, ಮರೆಯೋಕೆ ಮುಂಚೆ ಬರೀತಿದೀನಿ.

ಕಮ್ಯುನಿಕೇಟಿವ್ ಕಾಂಪಿಟೆನ್ಸ್ ಅಂದ್ರೇನು, ಡೆಲ್ ಹೈಮ್ಸ್ ಚಾಮ್‌ಸ್ಕಿ ಮಾತಿಗೆ ಏನು ಸೇರಿಸಿದ್ರು ಅನ್ನೋದೆಲ್ಲ ಎಲ್ಲರ ನೋಟ್ಸಲ್ಲೂ ಇರತ್ತೆ, ಅದನ್ನ ಬಿಡ್ತೀನಿ.

ಮೊದಲು ನಡೆದಿದ್ದು

ಜಗಳೂರಿನ ಹುಡುಗ ಒಬ್ಬ ಸ್ಕಾಲರ್‌ಶಿಪ್ ಅರ್ಜಿಗೆ ಸ್ಟಡಿ ಸರ್ಟಿಫಿಕೇಟ್ ಬೇಕಂತ ಅವನ ಕಾಲೇಜಿನ ಲೆಕ್ಚರರ್ ಹತ್ರ ಹೋಗಿದಾನೆ. ಇಂಗ್ಲಿಷಲ್ಲೇ ಕೇಳ್ಬೇಕು ಅಂತ ದಾರಿಯುದ್ದಕ್ಕೂ ಪ್ರಾಕ್ಟೀಸ್ ಮಾಡ್ಕೊಂಡು ಹೋಗಿ ಹೇಳಿದ್ದು ಇಷ್ಟು: ‘ಸರ್, ಗಿವ್ ಮೀ ದ ಸ್ಟಡಿ ಸರ್ಟಿಫಿಕೇಟ್. ಐ ವಾಂಟ್ ಇಟ್ ಟುಡೇ.’ ಅವರಿಗೆ ಸಿಟ್ಟು ಬಂದು, ಆರ್ಡರ್ ಮಾಡ್ತೀಯಾ ಅಂತ ಎಲ್ಲರ ಮುಂದೆ ಬೈದು ಕಳಿಸಿದಾರೆ. ಸಾಯಂಕಾಲ ಬಂದು ಮುಖ ಸಣ್ಣ ಮಾಡ್ಕೊಂಡು, ‘ಅಕ್ಕ, ಗ್ರಾಮರ್ ಎಲ್ಲಿ ತಪ್ಪೈತೆ ನೋಡು’ ಅಂದ. ನೋಡಿದೆ, ಗ್ರಾಮರ್ ಎಲ್ಲೂ ತಪ್ಪಿಲ್ಲ. ನೀನು ಕನ್ನಡದಲ್ಲಾದ್ರೆ ಹೆಂಗೆ ಕೇಳ್ತಿದ್ದೆ ಅಂದೆ. ‘ಸರ್, ಸ್ಟಡಿ ಸರ್ಟಿಫಿಕೇಟ್ ಕೊಡ್ರಿ, ಇವತ್ತೇ ಬೇಕಾಗಿತ್ತು.’

ಈ ಎರಡು ಸಾಲನ್ನ ಬೋರ್ಡ್ ಮೇಲೆ ಒಂದರ ಕೆಳಗೆ ಒಂದು ಬರೆದು ನೋಡಿದಾಗ ನಂಗೆ ಮೊದಲನೇದು ಹೊಳೀತು. ಕನ್ನಡದ ಸಾಲಲ್ಲಿ ಮರ್ಯಾದೆ ಮೂರು ಕಡೆ ಇದೆ. ಒಂದು, ‘ಕೊಡ್ರಿ’ಯ ‘ರಿ’. ಎರಡು, ‘ಬೇಕಾಗಿತ್ತು’, ಬೇಕಾಗಿರೋದು ಈಗಲೇ ಆದ್ರೂ ಭೂತಕಾಲದಲ್ಲಿ ಹೇಳಿ ಒತ್ತಾಯ ಕಡಿಮೆ ಮಾಡಿರೋದು. ಮೂರನೇದು ಕಣ್ಣಿಗೆ ಬೀಳೋದೇ ಇಲ್ಲ: ‘ಬೇಕು’ಗೆ ನಾವು ‘ನಾನು’ ಹಚ್ಚಲ್ಲ, ‘ನನಗೆ’ ಹಚ್ತೀವಿ, ಇಲ್ಲಿ ಅದೂ ಇಲ್ಲ. ಇಂಗ್ಲಿಷಿನ ‘ಐ ವಾಂಟ್’ನಲ್ಲಿ ‘ಐ’ ಮುಂದೆ ಬಂದು ನಿಂತಿದೆ, ಕಾಲ ವರ್ತಮಾನ, ‘ಗಿವ್’ಗೆ ‘ರಿ’ ಹಚ್ಚೋಕೆ ಜಾಗವೇ ಇಲ್ಲ. ಅಂದ್ರೆ ಅರ್ಥ ಪೂರ್ತಿ ದಾಟಿದೆ, ಮರ್ಯಾದೆ ಪೂರ್ತಿ ಈಚೆ ದಡದಲ್ಲೇ ಉಳಿದಿದೆ.

‘ರಿ’ಗೆ ಇಂಗ್ಲಿಷಲ್ಲಿ ಜಾಗ ಎಲ್ಲಿ?

ನಮ್ಮಲ್ಲಿ ನೀನು, ನೀವು ಅಂತ ಎರಡಿದೆ. ಇಂಗ್ಲಿಷಲ್ಲೂ ಹಿಂದೆ ‘ದೌ’ ಮತ್ತೆ ‘ಯೂ’ ಅಂತ ಎರಡಿತ್ತು, 17ನೇ ಶತಮಾನದ ಹೊತ್ತಿಗೆ ‘ದೌ’ ಸಾಮಾನ್ಯ ಬಳಕೆಯಿಂದ ಬಿದ್ದೋಯ್ತು. ಹಾಗಾಗಿ ಕ್ರಿಯಾಪದದ ಬಾಲದಲ್ಲಿ ಮರ್ಯಾದೆ ಇಡೋ ದಾರಿ ಇವತ್ತಿನ ಇಂಗ್ಲಿಷಿಗಿಲ್ಲ, ಅದು ಇಡೀ ವಾಕ್ಯದ ಆಕಾರಕ್ಕೇ ಹರಡ್ಕೊಂಡಿದೆ. ‘ಕುಡ್ ಯೂ’, ‘ವುಡ್ ಇಟ್ ಬಿ ಪಾಸಿಬಲ್’, ‘ಐ ವಾಸ್ ವಂಡರಿಂಗ್ ಇಫ್’. ಹುಡುಗರಿಗೆ ಇವನ್ನ ಬರೀ ಬಾಯಿಪಾಠ ಮಾಡಿಸಿದ್ರೆ ನಿಲ್ಲಲ್ಲ, ನಾನು ಮಾಡಿಸಿ ನೋಡಿದೀನಿ. ‘ಬೇಕಾಗಿತ್ತು’ ಅಂತ ನೀವು ಮನೇಲಿ ದಿನಾ ಹೇಳೋದೇ ‘ಐ ವಾಸ್ ವಂಡರಿಂಗ್’ನ ‘ವಾಸ್’, ಎರಡರಲ್ಲೂ ಭೂತಕಾಲ ಮಾಡೋ ಕೆಲಸ ಒಂದೇ ಅಂತ ತೋರಿಸಿದ ದಿನ ನಿಂತುಬಿಡ್ತು.

ಇಲ್ಲಿ ಪರೀಕ್ಷೆಗೆ ಒಂದು ಎಚ್ಚರಿಕೆ. ನೀನು ನೀವು ಥರದ ಸರ್ವನಾಮಗಳ ಬಗ್ಗೆ 1960ರಲ್ಲಿ ಬರೆದಿದ್ದು ರೋಜರ್ ಬ್ರೌನ್ ಮತ್ತು ಗಿಲ್ಮನ್. ಪೊಲೈಟ್‌ನೆಸ್ ಥಿಯರಿ ಪೆನೆಲೋಪಿ ಬ್ರೌನ್ ಮತ್ತು ಲೆವಿನ್ಸನ್ ಅವರದ್ದು, ಪುಸ್ತಕವಾಗಿ ಬಂದಿದ್ದು 1987. ಬ್ರೌನ್‌ಗಳು ಇಬ್ಬರು, ಒಬ್ಬರ ಹೆಸರಿಗೆ ಇನ್ನೊಬ್ಬರ ಥಿಯರಿ ಬರೀಬೇಡಿ.

ಬ್ರೌನ್ ಮತ್ತು ಲೆವಿನ್ಸನ್ ಲೆಕ್ಕ ಹಿಂಗಿದೆ: ಒಂದು ಕೋರಿಕೆಯ ಭಾರ ಅಂದ್ರೆ ಇಬ್ಬರ ನಡುವಿನ ದೂರ, ಕೇಳಿಸ್ಕೊಳ್ಳೋರ ಅಧಿಕಾರ, ಕೇಳ್ತಿರೋ ವಸ್ತುವಿನ ತೂಕ, ಈ ಮೂರರ ಮೊತ್ತ. ನನ್ನ ಪ್ರಕಾರ ‘ರಿ’ ಮೊದಲನೇ ಎರಡನ್ನ ಮಾತ್ರ ತೋರಿಸತ್ತೆ. ಒಂದು ಪೆನ್ನು ಕೇಳಿದ್ರೂ ಕೊಡ್ರಿ, ಹತ್ತು ಸಾವಿರ ಸಾಲ ಕೇಳಿದ್ರೂ ಕೊಡ್ರಿ. ವಸ್ತುವಿನ ತೂಕ ಹೇಳೋಕೆ ನಾವು ‘ಒಂಚೂರು’, ‘ಆಗುತ್ತೇನ್ರಿ’, ‘ತಪ್ಪು ತಿಳ್ಕೋಬ್ಯಾಡ್ರಿ’ ಅಂತ ಬೇರೆ ಸೇರಿಸ್ತೀವಿ. ಇಂಗ್ಲಿಷಲ್ಲಿ ಮೂರನ್ನೂ ವಾಕ್ಯದ ಆಕಾರವೇ ಹೊರಬೇಕು, ಅದಕ್ಕೇ ಭಾರ ಹೆಚ್ಚಾದಷ್ಟು ಸಾಮಾನ್ಯವಾಗಿ ಅವರ ವಾಕ್ಯ ಉದ್ದ ಆಗತ್ತೆ.

ಇದಾದ ಮೇಲೆ ಹುಡುಗರು ಎಲ್ಲ ಆಜ್ಞಾರ್ಥಕನೂ ಕೆಟ್ಟದ್ದು ಅಂದ್ಕೊಂಡ್ರು, ‘ಸಿಟ್ ಡೌನ್ ಸರ್’ ಅನ್ನೋಕೂ ಹೆದರಿ ‘ಕುಡ್ ಯೂ ಸಿಟ್’ ಅಂದ್ರು. ಅದೂ ತಪ್ಪು. ಜೆಫ್ರಿ ಲೀಚ್ 1983ರಲ್ಲಿ ಹೇಳಿರೋ ಲಾಭ ನಷ್ಟದ ಮಾಪಕ ಇಲ್ಲಿ ಬೇಕು. ಮಾಡಿದ್ರೆ ಲಾಭ ಕೇಳಿಸ್ಕೊಂಡೋರಿಗೇ ಆಗೋದಾದ್ರೆ ನೇರವಾಗಿ ಹೇಳೋದೇ ಮರ್ಯಾದೆ. ಮನೆಗೆ ಬಂದೋರಿಗೆ ‘ಇನ್ನೊಂದು ಬೆಣ್ಣೆದೋಸೆ ಹಾಕ್ಕೊಳ್ರಿ’ ಅಂತೀವಲ್ಲ, ‘ಹ್ಯಾವ್ ಒನ್ ಮೋರ್’ ಅಂತಲೇ ಹೇಳ್ಬೇಕು, ‘ಇನ್ನೊಂದು ತಿನ್ನಬಹುದಾ ನೀವು’ ಅಂತ ಕೇಳಿದ್ರೆ ಬಡಿಸೋರಿಗೇ ಮನಸ್ಸಿಲ್ಲ ಅನ್ಸತ್ತೆ. ಹಂಗೇ ‘ಪ್ಲೀಸ್’ ಒಂದನ್ನ ಅಂಟಿಸಿದ್ರೆ ಎಲ್ಲ ಸರಿ ಹೋಗಲ್ಲ. ‘ಪ್ಲೀಸ್ ಗಿವ್ ಮೀ ಟುಡೇ’ ಅನ್ನೋದು ಇನ್ನೂ ಆಜ್ಞೆಯೇ.

ನಾನು ಮುಗ್ಗರಿಸಿದ ಜಾಗ

ಮೇಲಿನದ್ದಷ್ಟೂ ಥಾಮಸ್ ಹೇಳೋ ಪ್ರಾಗ್ಮಾಲಿಂಗ್ವಿಸ್ಟಿಕ್ ಫೇಲ್ಯೂರ್: ಮನಸ್ಸಲ್ಲಿದ್ದ ಉದ್ದೇಶ ಸರಿ, ಅದಕ್ಕೆ ಆರಿಸಿದ ಮಾತಿನ ರೂಪ ಅಲ್ಲಿನವರ ಕಿವಿಗೆ ಬೇರೆ ಥರ ಕೇಳತ್ತೆ. ಇನ್ನೊಂದು ಸೋಶಿಯೋಪ್ರಾಗ್ಮ್ಯಾಟಿಕ್. ಅದರ ಡೆಫಿನಿಷನ್ ಬಾಯಿಪಾಠ ಇತ್ತು, ಆದ್ರೆ ಉದಾಹರಣೆ ಕೊಟ್ರೆ ವಿಂಗಡಿಸೋಕೆ ಆಗ್ತಿರಲಿಲ್ಲ, ಎಲ್ಲವೂ ‘ಒರಟಾಗಿ ಕೇಳಿಸಿತು’ ಅನ್ನೋ ಒಂದೇ ಚೀಲಕ್ಕೆ ಹೋಗ್ತಿತ್ತು.

ಆಮೇಲೆ ಒಂದು ದಿನ ನನ್ನ ಗೆಳತಿ ಅವಳ ಆಫೀಸಿನ ಇಂಗ್ಲೆಂಡ್ ಮೂಲದ ಸಹೋದ್ಯೋಗಿಯನ್ನ ಅರ್ಧ ಗಂಟೆ ವಿಡಿಯೋ ಕಾಲಿಗೆ ಕರೆಸಿದ್ಲು. ಹೊಳಲ್ಕೆರೆ ಹುಡುಗಿ ತುಂಬ ಪ್ರೀತಿಯಿಂದ ಕೇಳಿದ್ದು: ‘ಸರ್, ಆರ್ ಯೂ ಮ್ಯಾರೀಡ್? ಹೌ ಮಚ್ ಸ್ಯಾಲರಿ ಡೂ ಯೂ ಗೆಟ್?’ ಆತ ಒಂದು ಕ್ಷಣ ಸುಮ್ನಾಗಿ, ನಕ್ಕು, ಬೇರೆ ವಿಷಯಕ್ಕೆ ಹೋದ್ರು. ನಾನು ಇದನ್ನೂ ಮಾತಿನ ರೂಪದ ತಪ್ಪು ಅಂದ್ಕೊಂಡು ಮಾರನೇ ದಿನ ಅವಳಿಗೆ ‘ಮೇ ಐ ಆಸ್ಕ್ ಹೌ ಮಚ್ ಯೂ ಅರ್ನ್’ ಅಂತ ಹೇಳ್ಕೊಟ್ಟೆ. ಗೆಳತಿ ಕೇಳಿ ಹೇಳಿದ್ಲು, ‘ಎಷ್ಟೇ ಮೆತ್ತಗೆ ಕೇಳಿದ್ರೂ ಅದು ಕೇಳೋ ಪ್ರಶ್ನೆ ಅಲ್ಲ ಕಣೇ ಅವರಿಗೆ.’ ಆಗ ಗೊತ್ತಾಯ್ತು. ರೂಪ ಬದಲಾಯಿಸಿದ್ರೂ ಮುಜುಗರ ಹಾಗೇ ಉಳಿದ್ರೆ ತಪ್ಪು ಮಾತಿನದ್ದಲ್ಲ, ಅದರ ಹಿಂದಿನ ಲೆಕ್ಕದ್ದು. ಯಾರನ್ನ ಏನು ಕೇಳಬಹುದು, ಯಾವುದು ಖಾಸಗಿ, ಯಾವುದು ದೊಡ್ಡ ತೊಂದರೆ, ಯಾರು ದೊಡ್ಡೋರು ಅನ್ನೋ ಲೆಕ್ಕ. ಇದೇ ಸೋಶಿಯೋಪ್ರಾಗ್ಮ್ಯಾಟಿಕ್ ಫೇಲ್ಯೂರ್.

ಥಾಮಸ್ ಇದರಲ್ಲಿ ‘ಫ್ರೀ ಗೂಡ್ಸ್’ ಅನ್ನೋ ಮಾತು ಬಳಸ್ತಾರೆ, ಗಾಫ್‌ಮನ್ ಅವರಿಂದ ತಗೊಂಡಿದ್ದು: ಕೇಳದೇನೇ ಅಥವಾ ಸುಮ್ನೆ ಹಂಗೇ ಕೇಳಿ ತಗೋಬಹುದಾದ ವಸ್ತು. ದಾವಣಗೆರೆಯಿಂದ ಚಿತ್ರದುರ್ಗಕ್ಕೆ ಹೋಗೋ ಬಸ್ಸಲ್ಲಿ ಪಕ್ಕದ ಸೀಟಿನವರ ಪೇಪರ್‌ನ ನಡುವಿನ ಹಾಳೆ ನಮಗೆ ಫ್ರೀ ಗೂಡ್ಸ್, ಕೈ ಚಾಚಿದ್ರೆ ಕೊಡ್ತಾರೆ. ಸಂಬಳ, ಮದುವೆ, ಊರು, ಇವೂ ನಮಗೆ ಹೆಚ್ಚುಕಡಿಮೆ ಫ್ರೀ ಗೂಡ್ಸೇ, ಪರಿಚಯ ಶುರುವಾಗೋದೇ ಅಲ್ಲಿಂದ. ಮಾಹಿತಿಯೂ ಒಂದು ವಸ್ತು ಅಂತ ಇಟ್ಕೊಂಡ್ರೆ ಈ ಭಾಗ ಪೂರ್ತಿ ಬಿಡಿಸ್ಕೊಳ್ಳತ್ತೆ.

ನನ್ನ ಶಾರ್ಟ್‌ಕಟ್

ತಪ್ಪಾದ ಮೇಲೆ ಹುಡುಗನ್ನೇ ಕೇಳಿ: ‘ಅವರಿಗೆ ಹಿಂಗೆ ಕೇಳಿಸ್ತಂತೆ, ನೀನು ಹಂಗೇ ಅಂದಿದ್ದಾ?’ ಉತ್ತರ ‘ಅಯ್ಯೋ, ಹಂಗಲ್ಲಕ್ಕ!’ ಅಂತ ಬಂದ್ರೆ ಪ್ರಾಗ್ಮಾಲಿಂಗ್ವಿಸ್ಟಿಕ್. ‘ಹೌದು, ಅದ್ರಾಗೇನೈತಕ್ಕ?’ ಅಂತ ಬಂದ್ರೆ ಸೋಶಿಯೋಪ್ರಾಗ್ಮ್ಯಾಟಿಕ್.

ಸರ್ಟಿಫಿಕೇಟ್ ಹುಡುಗ ಹಂಗಲ್ಲ ಅಂದ, ಅವನು ಆರ್ಡರ್ ಮಾಡಿರಲೇ ಇಲ್ಲ. ಸಂಬಳ ಕೇಳಿದ ಹುಡುಗಿ ಅದ್ರಾಗೇನೈತೆ ಅಂದ್ಲು, ಅವಳಿಗೆ ನಿಜವಾಗ್ಲೂ ಸಂಬಳ ತಿಳ್ಕೋಬೇಕಿತ್ತು. ಈ ಎರಡು ಉತ್ತರ ತಲೇಲಿ ಇಟ್ಕೊಂಡ ಮೇಲೆ ನಾನು ಎಲ್ಲೂ ತಡವರಿಸಿಲ್ಲ. ನಡುವೆ ಎರಡಕ್ಕೂ ಸೇರೋ ಬೂದು ಜಾಗ ಇದೆ ಅಂತ ಥಾಮಸ್ ಅವರೇ ಹೇಳ್ತಾರೆ.

ಈ ವಿಂಗಡಣೆ ಬರೀ ಅಂಕಕ್ಕಲ್ಲ, ಕ್ಲಾಸಲ್ಲಿ ನಾವು ಹೆಂಗೆ ತಿದ್ದಬೇಕು ಅನ್ನೋದು ಇದರ ಮೇಲೇ ನಿಂತಿದೆ. ಮೊದಲನೇದನ್ನ ಗ್ರಾಮರ್ ಥರ ನೇರವಾಗಿ ತಿದ್ದಬಹುದು, ಯಾರೂ ಬೇಜಾರು ಮಾಡ್ಕೊಳ್ಳಲ್ಲ. ಎರಡನೇದು ಅವರ ಮನೆಯ ಸಂಸ್ಕಾರಕ್ಕೆ ಕೈ ಹಾಕಿದಂಗೆ. ಸಂಬಳ ಕೇಳೋದು ಅಸಭ್ಯ ಅಂತ ಆ ಹುಡುಗಿಗೆ ಹೇಳಿದ್ರೆ ಅವಳ ಅಜ್ಜಿನೂ ಅಸಭ್ಯ ಅಂದಂಗಾಯ್ತು. ಅಲ್ಲಿ ‘ತಪ್ಪು’ ಅನ್ನೋ ಪದ ನಾನು ಬಿಟ್ಟಿದೀನಿ. ‘ಅವರ ಕಡೆ ಇದನ್ನ ಹಿಂಗೆ ತಗೋತಾರೆ, ಗೊತ್ತಿದ್ದು ಕೇಳೋದು ಬಿಡೋದು ನಿನಗೆ ಬಿಟ್ಟಿದ್ದು’ ಅಂತ ಹೇಳ್ತೀನಿ.

ಉಳಿದಿದ್ದು, ಬೇಗ ಬೇಗ

ಎಡ್ವರ್ಡ್ ಹಾಲ್, 1976: ಹೈ ಕಾಂಟೆಕ್ಸ್ಟ್ (ಅರ್ಥ ಹೆಚ್ಚಾಗಿ ಸಂದರ್ಭದಲ್ಲಿರೋದು), ಲೋ ಕಾಂಟೆಕ್ಸ್ಟ್ (ಅರ್ಥ ಹೆಚ್ಚಾಗಿ ಪದದಲ್ಲೇ ಇರೋದು). ನಮ್ಮ ‘ನೋಡಾಣ ಬಿಡ್ರಿ’ ಅಂದ್ರೆ ಬಹಳ ಸಲ ಇಲ್ಲ ಅಂತಲೇ ಅರ್ಥ, ಪದದಲ್ಲಿ ಇಲ್ಲದ್ದು ಸಂದರ್ಭದಲ್ಲಿದೆ. ‘ಲೆಟ್ ಅಸ್ ಸೀ’ ಅಂದ್ರೆ ಆ ಕಡೆಯವರು ಮುಂದಿನ ವಾರ ಮತ್ತೆ ಫೋನ್ ಮಾಡಿ ಕೇಳ್ತಾರೆ.

ಹಾಫ್‌ಸ್ಟೆಡ್, 1980, ಐಬಿಎಂ ಉದ್ಯೋಗಿಗಳ ಸರ್ವೆ. ಪವರ್ ಡಿಸ್ಟನ್ಸ್, ಅಂದ್ರೆ ಮೇಲಿನವರು ಕೆಳಗಿನವರು ಅನ್ನೋ ಅಂತರವನ್ನ ಜನ ಎಷ್ಟು ಒಪ್ಕೊಂಡಿರ್ತಾರೆ ಅನ್ನೋದರ ಅಂಕ, ಇಂಡಿಯಾಗೆ 77, ಅಮೆರಿಕಾಗೆ 40. ಅದು ದೇಶದ ಲೆಕ್ಕ, ಎದುರಿಗೆ ಕೂತ ಒಬ್ಬ ಮನುಷ್ಯನ ಲೆಕ್ಕ ಅಲ್ಲ ಅಂತ ಒಂದು ಸಾಲು ಬರೆದೇ ಬರೀಬೇಕು.

ಮಲಿನೋವ್‌ಸ್ಕಿ, 1923, ಫ್ಯಾಟಿಕ್ ಕಮ್ಯೂನಿಯನ್, ಮಾಹಿತಿಗಲ್ಲದೇ ಬರೀ ಸಂಬಂಧ ಬೆಸೆಯೋಕೆ ಆಡೋ ಮಾತು: ‘ಊಟ ಆತೇನ್ರಿ’. ಇದನ್ನ ಹೇಳ್ಕೊಡುವಾಗ ಮೊಳಕಾಲ್ಮೂರು ಹುಡುಗನ ಊರ ಕಡೆಯ ಬ್ರಹ್ಮಗಿರಿ ಶಾಸನ ನೆನಪಾಯ್ತು, ಬಿ. ಎಲ್. ರೈಸ್ 1892ರಲ್ಲಿ ಬೆಳಕಿಗೆ ತಂದ ಅಶೋಕನ ಶಾಸನ. ಅಶೋಕನ ದಕ್ಷಿಣ ಪ್ರಾಂತ್ಯದ ಕೇಂದ್ರ ಸುವರ್ಣಗಿರಿಯಿಂದ, ಬ್ರಹ್ಮಗಿರಿ ಹತ್ರದ ಊರಾದ ಇಸಿಲದ ಅಧಿಕಾರಿಗಳಿಗೆ ಹೋದ ಸರ್ಕಾರಿ ಮಾತು ಅದು, ಆದ್ರೂ ಮೊದಲು ಅವರ ಆರೋಗ್ಯ ವಿಚಾರಿಸಿ ಆಮೇಲೆ ವಿಷಯಕ್ಕೆ ಬರತ್ತೆ. ಕ್ಷೇಮ ಕೇಳಿ ಕೆಲಸ ಹೇಳೋದಕ್ಕೆ ನಮ್ಮ ಜಿಲ್ಲೆಗಳಲ್ಲೇ ಎರಡು ಸಾವಿರ ವರ್ಷ ದಾಟಿದ ಸಾಕ್ಷಿ ಇದೆ ಅಂದಾಗ ಆ ಹುಡುಗ ನೆಟ್ಟಗೆ ಕೂತ.

ಬ್ರಜ್ ಕಚ್ರು, 1985, ಇಂಗ್ಲಿಷ್ ಬಳಸೋ ದೇಶಗಳ ಮೂರು ವೃತ್ತ, ನಾವು ಔಟರ್ ಸರ್ಕಲ್, ಅಂದ್ರೆ ಇಂಗ್ಲಿಷ್ ತಾಯ್ನುಡಿ ಅಲ್ಲದಿದ್ರೂ ದೇಶದೊಳಗೇ ಅದನ್ನ ಬಳಸೋರು. ಇದನ್ನ ಮರೆತು ಎಲ್ಲವನ್ನೂ ಲಂಡನ್ ಕಿವಿಗೆ ತಕ್ಕಂಗೆ ತಿದ್ದಬೇಡಿ. ಈ ಹುಡುಗರು ನಾಳೆ ಇಂಗ್ಲಿಷ್ ಮಾತಾಡೋದು ಹೆಚ್ಚಾಗಿ ಬೆಂಗಳೂರಿನ ಎಚ್‌ಆರ್ ಜೊತೆ, ಚೆನ್ನೈ ಆಫೀಸಿನವರ ಜೊತೆ. ಅಲ್ಲಿ ‘ಸರ್’ ಅನ್ನೋದು ಸರಿಯಾಗೇ ಕೇಳಿಸತ್ತೆ.

ಪ್ರಾಕ್ಟೀಸಿಗೆ

ಹಂಗಲ್ಲನಾ, ಅದ್ರಾಗೇನೈತೆನಾ, ನೀವೇ ವಿಂಗಡಿಸಿ. ‘ಐ ವಿಲ್ ಗೋ ಅಂಡ್ ಕಮ್’ ಅಂತ ಇಂಟರ್‌ವ್ಯೂ ಮುಗಿಸಿ ಎದ್ದಿದ್ದು: ಹಂಗಲ್ಲ, ಹೋಗಿ ಬರ್ತೀನಿಯ ನೇರ ಸಾಗಣೆ. ಸಹಾಯ ಮಾಡಿದ ಗೆಳೆಯನಿಗೆ ಥ್ಯಾಂಕ್ಸ್ ಹೇಳದೇ ಇರೋದು: ಅದ್ರಾಗೇನೈತೆ, ಹೇಳಿದ್ರೇ ಹೊರಗಿನವರನ್ನ ಮಾಡಿದಂಗೆ ನಮಗೆ. ಊಟ ಚೆನ್ನಾಗಿತ್ತಾ ಅಂದ್ರೆ ‘ಆಫ್ ಕೋರ್ಸ್’ ಅನ್ನೋದು: ಹಂಗಲ್ಲ, ಮನಸ್ಸಲ್ಲಿದ್ದಿದ್ದು ‘ಹ್ಞೂಂ ಮತ್ತೆ’, ಅವರಿಗೆ ಕೇಳಿದ್ದು ‘ಇದೂ ಒಂದು ಪ್ರಶ್ನೆನಾ’. ರಷ್ಯನ್ನರು ಇಂಗ್ಲಿಷಲ್ಲಿ ಇದೇ ಮಾಡ್ತಾರೆ ಅಂತ ಥಾಮಸ್ ಪೇಪರ್‌ನಲ್ಲೇ ಇದೆ.

ಕೊನೇದು, ‘ಕಮ್ ಟು ಅವರ್ ಹೌಸ್’. ‘ನಮ್ಮನಿಗೆ ಬರ್ರಿ’ ಅಂತ ಬೀಳ್ಕೊಡುವಾಗ ಹೇಳೋದು. ಕೇಳಿದೋರು ಡೈರಿ ತೆಗೆದು ಯಾವತ್ತು ಬರ್ಲಿ ಅಂದ್ರೆ ಚನ್ನಗಿರಿ ಹುಡುಗಿ ಮೊದಲು ‘ಅಯ್ಯೋ ಹಂಗಲ್ಲ’ ಅಂದ್ಲು, ಒಂದು ನಿಮಿಷ ಯೋಚನೆ ಮಾಡಿ ‘ಬಂದ್ರೆ ಅದ್ರಾಗೇನೈತಕ್ಕ, ಬರ್ಲಿ, ಅಡಿಗೆ ಮಾಡಾಣ’ ಅಂದ್ಲು. ಅದನ್ನ ಎರಡೂ ಕಾಲಂನಲ್ಲಿ ಬರ್ಕೊಂಡಿದೀನಿ.