ಸ್ವಾಮಿ, ಆಗಿನವರು ಓಡುತ್ತಿರಲಿಲ್ಲ

ಹೋದ ತಿಂಗಳು ಒಬ್ಬ ಎಡಿಟರ್ ಫೋನ್ ಮಾಡಿದರು. ಲಂಡನ್‌ನಲ್ಲಿ 1910ರ ಮೇ 20ರಂದು ನಡೆದ ಏಳನೇ ಎಡ್ವರ್ಡ್ ದೊರೆಯ ಶವಯಾತ್ರೆಯ ಮೂಕಿ ತುಣುಕು ಅವರ ಕೈ ಸೇರಿತ್ತು. "ಸಾರ್, ಎಲ್ರೂ ಓಡ್ತಿದ್ದಾರೆ. ಸ್ವಲ್ಪ ಸ್ಲೋ ಮೋಷನ್ ಮಾಡಿಕೊಡಿ" ಅಂದರು.

ಇದು ಸ್ಲೋ ಮೋಷನ್ ಅಲ್ಲ. ಹೇಳಿ ಹೇಳಿ ನಾಲಿಗೆ ಸವೆದಿದೆ. ಅವರು ನಡೆಯುತ್ತಲೇ ಇದ್ದರು, ಓಡಿಸುತ್ತಿರುವುದು ನೀವು.

ಆಗಿನ ಬಹುತೇಕ ಕ್ಯಾಮೆರಾಗಳಿಗೆ ಮೋಟಾರ್ ಇರಲಿಲ್ಲ. ರಾಗಿ ಬೀಸಿದ ಹಾಗೆ ಹಿಡಿ ತಿರುಗಿಸಬೇಕಿತ್ತು. ಒಂದು ಸುತ್ತಿಗೆ 8 ಫ್ರೇಮ್, ಅಂದರೆ ಎಂಟು ಬಿಡಿ ಚಿತ್ರ; ಸೆಕೆಂಡಿಗೆ ಎರಡು ಸುತ್ತು, ಹೆಚ್ಚುಕಡಿಮೆ 16 ಫ್ರೇಮ್ ಆಯಿತು. 24 ಅನ್ನೋದು ಬಂದದ್ದು ಆಮೇಲೆ, ಮಾತಿನ ಸಿನಿಮಾ ಜೊತೆಗೆ. ಸದ್ದು ಕೆಡಬಾರದು ಅಂದರೆ ವೇಗ ಏರುಪೇರಾಗಬಾರದು ಅಲ್ವಾ, ಅದಕ್ಕೆ. ಈಗ ನೀವು ಆ ಹಳೆಯ ರೀಲನ್ನು ಸ್ಕ್ಯಾನ್ ಮಾಡಿಸಿ ಸುಮ್ನೆ ಸೆಕೆಂಡಿಗೆ 24 ಫ್ರೇಮ್ ಓಡಿಸುವ ಎಡಿಟಿಂಗ್ ಟೈಮ್‌ಲೈನಿಗೆ ಹಾಕುತ್ತೀರಿ. ಒಂದೂವರೆ ಸೆಕೆಂಡಿನಲ್ಲಿ ಆದದ್ದು ಒಂದೇ ಸೆಕೆಂಡಿನಲ್ಲಿ ಮುಗಿದುಹೋಗುತ್ತದೆ. ನಿಮಿಷಕ್ಕೆ 60 ಹೆಜ್ಜೆ ಇಟ್ಟವನು 90 ಹೆಜ್ಜೆ ಇಡುತ್ತಾನೆ. ಫಿಲ್ಮ್ ಕೆಟ್ಟಿಲ್ಲ, ಕ್ಯಾಮೆರಾ ಕೆಟ್ಟಿಲ್ಲ, ಆ ಕಾಲದ ಜನಕ್ಕೆ ಅವಸರವೂ ಜಾಸ್ತಿ ಇರಲಿಲ್ಲ.

ನಂಬಿಕೆ ಬರದಿದ್ದರೆ ಕುದುರೆಯ ಕಾಲು ನೋಡಿ. ನಡೆಯುವ ಕುದುರೆ ಕಾಲುಗಳನ್ನು ಒಂದೊಂದಾಗಿ ಇಡುತ್ತದೆ. ಕುಕ್ಕುಲೋಟದಲ್ಲಿ ಎದುರುಬದುರು ಮೂಲೆಯ ಎರಡು ಕಾಲು ಒಟ್ಟಿಗೆ ಏಳುತ್ತವೆ. ನಿಮ್ಮ ತುಣುಕಿನಲ್ಲಿ ವೇಗ ಓಟದ್ದು, ಕಾಲು ನಡಿಗೆಯದ್ದು. ಕುದುರೆ ಸುಳ್ಳು ಹೇಳಲ್ಲ.

ಹಾಗಂತ 16 ಶಾಸನವೇನಲ್ಲ. ಕೈ ಸೋತರೆ ವೇಗ ಇಳಿಯುತ್ತದೆ. ಬಯೋಗ್ರಾಫ್ ಕಂಪನಿಯವರ ಅಗಲವಾದ ಫಿಲ್ಮ್ ಸೆಕೆಂಡಿಗೆ 30ಕ್ಕೂ ಜಾಸ್ತಿ ಓಡುತ್ತಿತ್ತು, ಅದಕ್ಕೆ 16ರ ಲೆಕ್ಕ ಹಾಕಿದರೆ ಎಲ್ಲರೂ ನೀರೊಳಗೆ ನಡೆದ ಹಾಗೆ ಕಾಣುತ್ತದೆ. ಹಾಗಾಗಿ ರೀಲು ನೋಡದೆ ನಾನು ಫೋನಿನಲ್ಲಿ ನಂಬರ್ ಹೇಳುವುದಿಲ್ಲ. ಕೇಳಬೇಡಿ.

ಆ ಕ್ಯಾಮೆರಾಮನ್‌ಗಳ ಬಗ್ಗೆ ನನಗೊಂದು ಮಮತೆ. 1901ರ ಫೆಬ್ರವರಿ 2ರಂದು ವಿಕ್ಟೋರಿಯಾ ರಾಣಿಯ ಶವಯಾತ್ರೆ. ಸೆಸಿಲ್ ಹೆಪ್‌ವರ್ತ್ ರೈಲು ನಿಲ್ದಾಣದ ಹತ್ತಿರ ಕ್ಯಾಮೆರಾ ಇಟ್ಟುಕೊಂಡು ನಿಂತಿದ್ದ. ಊರೆಲ್ಲ ಮೌನ. ಹಿಡಿ ತಿರುಗಿಸಿದರೆ ಗರಗರ ಸದ್ದು! ಭೂಮಿ ಬಾಯಿ ಬಿಡಬಾರದೇ ಅನ್ನಿಸಿತಂತೆ ಪಾಪ. ಆಗ ದೊರೆ, ಇದೇ ಎಡ್ವರ್ಡ್, ಚಿತ್ರ ಚೆನ್ನಾಗಿ ಬರಲಿ ಅಂತ ಮೆರವಣಿಗೆಯನ್ನೇ ಒಂದು ಗಳಿಗೆ ನಿಲ್ಲಿಸಿದ ಎಂದು ಹೆಪ್‌ವರ್ತ್ ಮುಂದೆ ನೆನಪಿಸಿಕೊಂಡಿದ್ದಾನೆ. ನೀವು ವೇಗ ಏರಿಸಿದರೆ ಇಂಥ ಗಳಿಗೆಯೂ ಮೂರರಲ್ಲಿ ಒಂದು ಪಾಲು ಕರಗಿಹೋಗುತ್ತದೆ.

ಮತ್ತೆ ಎಡಿಟರ್ ವಿಷಯ. ಪ್ರತಿ ಎರಡನೇ ಫ್ರೇಮನ್ನು ಎರಡು ಸಲ ಹಾಕಿ 16ನ್ನು 24ಕ್ಕೆ ಕೂರಿಸಿದೆ. ಸ್ವಲ್ಪ ತಡವರಿಸುತ್ತದೆ, ಇರಲಿ. ಕಂಪ್ಯೂಟರ್ ನಡುವೆ ಹೊಸ ಫ್ರೇಮ್ ಹುಟ್ಟಿಸಿ ನುಣುಪು ಮಾಡುತ್ತದೆ, ಆದರೆ ಅದು ಯಾರೂ ತೆಗೆಯದ ಚಿತ್ರ. ಕೇಳಿದವರಿಗೆ ಮಾಡಿಕೊಡುತ್ತೇನೆ, ಹಾಗಂತ ಬರೆದೂ ಕೊಡುತ್ತೇನೆ.

ಅವರು ಸ್ಟುಡಿಯೋಗೆ ಬಂದು ನೋಡಿದರು. ಸವಾರನಿಲ್ಲದ ದೊರೆಯ ಕುದುರೆ. ಅದರ ಹಿಂದೆ ಅವನ ಸಾಕುನಾಯಿ ಸೀಸರ್, ಜೊತೆಗೊಬ್ಬ ಆಳು. ಅವರ ಹಿಂದೆ ಕುದುರೆ ಏರಿದ ಒಂಬತ್ತು ಮಂದಿ ದೊರೆಗಳು. ಮೊದಲು ಪುಟುಪುಟು ಓಡಿ ನಗು ತರಿಸುತ್ತಿದ್ದ ನಾಯಿ ಈಗ ಸುಮ್ಮನೆ ನಡೆಯುತ್ತಿತ್ತು. ಎಡಿಟರ್ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಆಮೇಲೆ, "ಸಾರ್, 40 ಸೆಕೆಂಡ್ ಇದ್ದಿದ್ದು 60 ಆಗಿದೆ. ಯಾವುದನ್ನ ಕತ್ತರಿಸಲಿ?" ಅಂದರು.

"ನಿಮ್ಮ ನಿರೂಪಣೆಯನ್ನ" ಅಂದೆ.