ಕೆಂಪು ಕಲ್ಲು ಅಲ್ಲೇ ಇರಲಿ

ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯ ದಕ್ಷಿಣ ಅಂಚಿನಲ್ಲಿರುವ ಆಲ್ಮಡೆನ್ ಕ್ವಿಕ್‌ಸಿಲ್ವರ್ ಪಾರ್ಕಿಗೆ ಹೊರಟ ಕನ್ನಡ ಕುಟುಂಬಗಳು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: ‘ಅಲ್ಲಿ ಪಾದರಸದ ಗಣಿ ಇತ್ತಂತಲ್ಲ, ಗಾಳಿ ಕುಡಿದರೆ ಏನೂ ಆಗಲ್ವಾ?’ ಕೆಲವರು ಮಾಸ್ಕ್ ಕಟ್ಟಿಕೊಂಡೇ ಗುಡ್ಡ ಹತ್ತುತ್ತಾರೆ. ಇಳಿದು ಬರುವಾಗ ಅವರದೇ ಮಗುವಿನ ಜೇಬಿನಲ್ಲಿ ಒಂದು ಕೆಂಪು ಕಲ್ಲು ಇರುತ್ತದೆ. ಊರಿಂದ ಬಂದ ಅಜ್ಜಿ ಇನ್ನೊಂದನ್ನು ದೇವರ ಮನೆಗೆಂದು ಸೆರಗಿನಲ್ಲಿ ಕಟ್ಟಿಕೊಂಡಿರುತ್ತಾರೆ. ಹೆದರಬೇಕಾಗಿಲ್ಲದ ಗಾಳಿಗೆ ಹೆದರಿ, ಹೆದರಬೇಕಾದ ಕಲ್ಲನ್ನು ಮನೆಗೆ ಕರೆತರುತ್ತೇವೆ.

ಪಾದರಸ ಎಂದರೆ ಎಲ್ಲ ಕಡೆಯೂ ಒಂದೇ ವಿಷ ಎಂದುಕೊಂಡಿರುವುದೇ ಈ ಗೊಂದಲದ ಮೂಲ. ಈ ಬೆಟ್ಟದಲ್ಲಿರುವುದು ಸಿನ್ನಬಾರ್, ನಮ್ಮ ಹಳೆಯ ಮಾತಿನಲ್ಲಿ ಇಂಗಳೀಕ. ಪಾದರಸವೂ ಗಂಧಕವೂ ಬಿಗಿಯಾಗಿ ಅಂಟಿಕೊಂಡ ಅದಿರು ಅದು. ಶುದ್ಧ ಇಂಗಳೀಕದ ತೂಕದಲ್ಲಿ ನೂರಕ್ಕೆ 86 ಪಾಲು ಪಾದರಸವೇ. ಆದರೂ ಅದು ನೀರಿನಲ್ಲಿ ಕರಗುವುದು ಇಲ್ಲವೆನ್ನುವಷ್ಟು ಕಡಿಮೆ, ಬಿಸಿಲಿಗೆ ಆವಿಯಾಗುವುದೂ ತೀರಾ ಅಲ್ಪ. ಬಂಡೆಯೊಳಗೆ ಕೂತಿರುವವರೆಗೆ ಅದು ಸಾಧು ಪ್ರಾಣಿ. ತೆರೆದ ಗುಡ್ಡದಲ್ಲಿ ನಾಲ್ಕು ಗಂಟೆ ನಡೆದು ಬರುವ ಆರೋಗ್ಯವಂತರು ಆ ಗಾಳಿಯ ಬಗ್ಗೆ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ.

ಕಾಯಿಸಿದರೆ ಮಾತ್ರ ಕಥೆಯೇ ಬೇರೆ. 1845ರಲ್ಲಿ ಮೆಕ್ಸಿಕೋದ ಸೇನಾಧಿಕಾರಿ ಆಂಡ್ರೆಸ್ ಕಾಸ್ಟಿಯೆರೋ ಇಲ್ಲಿ ಪಾದರಸವಿದೆ ಎಂದು ಕಂಡುಹಿಡಿದದ್ದೇ ಹಾಗೆ ಎನ್ನುತ್ತಾರೆ: ಅದಿರಿನ ಪುಡಿಯನ್ನು ಕೆಂಡದ ಮೇಲೆ ಸುರಿದು, ಗಾಜಿನ ಲೋಟ ಬೋರಲು ಹಾಕಿದಾಗ ಒಳಗೋಡೆಯಲ್ಲಿ ಬೆಳ್ಳಿಯಂಥ ಹನಿಗಳು ಕೂತವು. ಅದಕ್ಕೂ ಎಷ್ಟೋ ಹಿಂದಿನಿಂದ ಓಲೋನಿ ಮೂಲನಿವಾಸಿಗಳು ಇದೇ ಕೆಂಪನ್ನು ಬಣ್ಣವಾಗಿ ಬಳಸುತ್ತಿದ್ದರು. ಆಮೇಲೆ ಬಂದ ಕುಲುಮೆಗಳು ಮಾಡಿದ್ದೂ ಆ ಲೋಟದ ಕೆಲಸವನ್ನೇ. ಅದಿರು ಸುಟ್ಟರೆ ಗಂಧಕ ಹೊಗೆಯಾಗಿ ಹೋಗುತ್ತದೆ, ಪಾದರಸದ ಆವಿಯನ್ನು ತಣಿಸಿ ಹಿಡಿಯುತ್ತಾರೆ, ಸುಮಾರು 76 ಪೌಂಡ್ ಪಾದರಸ ಹಿಡಿಯುವ ಕಬ್ಬಿಣದ ಸೀಸೆಗಳಿಗೆ ತುಂಬುತ್ತಾರೆ. ಗಣಿಯ ಆಯುಷ್ಯದಲ್ಲಿ ಅಂಥ 10 ಲಕ್ಷಕ್ಕೂ ಹೆಚ್ಚು ಸೀಸೆ ಇಲ್ಲಿಂದ ಹೋದವು. ಕ್ಯಾಲಿಫೋರ್ನಿಯಾದ ಚಿನ್ನದ ಗಣಿಗಳಲ್ಲಿ ಅದಿರಿನ ಪುಡಿಯಿಂದ ಚಿನ್ನದ ಕಣಗಳನ್ನು ಅಂಟಿಸಿಕೊಳ್ಳಲು ಪಾದರಸವೇ ಬೇಕಿತ್ತು.

ಈಗ ಕಲ್ಲಿಗೆ ಬರೋಣ. ನೀವು ಕೈಗೆತ್ತಿಕೊಳ್ಳುವ ‘ಕೆಂಪು’ ಎರಡು ಬಗೆಯದು. ಒಂದು ನಿಜವಾದ ಇಂಗಳೀಕ. ಇದು ಮೃದು, ಉಗುರಿನಲ್ಲಿ ಕೆರೆದರೆ ಗೀರು ಬೀಳುತ್ತದೆ. ಗಟ್ಟಿ ತುಂಡಾದರೆ ಅದೇ ಗಾತ್ರದ ಸಾಮಾನ್ಯ ಕಲ್ಲಿಗಿಂತ ಮೂರು ಪಟ್ಟು ಭಾರ. ಹಾದಿಯಲ್ಲಿ ಈಗ ಇದು ಅಪರೂಪ. ಎರಡನೆಯದು ಕುಲುಮೆಯಲ್ಲಿ ಸುಟ್ಟು ಎಸೆದ ಕಲ್ಲು, ಮುರಿದ ಇಟ್ಟಿಗೆಯ ಚೂರಿನಂತೆ ಕಾಣುವಂಥದ್ದು. ಇದರ ಕೆಂಪು ಬಹುಪಾಲು ಕಬ್ಬಿಣದ ತುಕ್ಕಿನದು. ‘ಸುಟ್ಟಾಯಿತಲ್ಲ, ಪಾದರಸ ಹಾರಿಹೋಯಿತು, ಇನ್ನೇನು?’ ಎಂದು ಬುದ್ಧಿವಂತರೇ ಕೇಳುತ್ತಾರೆ. ಪೂರ್ತಿ ಹಾರಿಹೋಗಿಲ್ಲ. ಹಳೆಯ ಕುಲುಮೆಗಳು ಒಂದಿಷ್ಟನ್ನು ಕಲ್ಲಿನಲ್ಲೇ ಉಳಿಸಿದವು. ಅದರಲ್ಲೂ ಒಂದು ಪಾಲು ಇಂಗಳೀಕಕ್ಕಿಂತ ಸುಲಭವಾಗಿ ನೀರಿಗೆ ಇಳಿಯುವ ರೂಪಕ್ಕೆ ತಿರುಗಿದೆ. ಹಾಗಾಗಿ ಹಸಿ ಅದಿರಿಗಿಂತ ಈ ಸುಟ್ಟ ಕಸದ ಮೇಲೇ ಅನುಮಾನ ಹೆಚ್ಚು. ಕುಲುಮೆ ಇದ್ದ ಜಾಗಗಳನ್ನು ಶುದ್ಧ ಮಾಡಿ ಮುಚ್ಚಿದ್ದಾರೆ ನಿಜ. ಹಾಗೆಂದು ಒಂದೊಂದು ಕಲ್ಲನ್ನೂ ಯಾರೂ ಹೆಕ್ಕಿಲ್ಲ.

ಹಾದಿಯ ವಿಚಾರ. ಹಾಸಿಯೆಂಡಾ ಗೇಟಿನಿಂದ ಹೊರಟು ಡೀಪ್ ಗಲ್ಚ್ ಕಣಿವೆಯ ಹಾದಿಯಲ್ಲಿ ಏರಿ, ಗಣಿಗಾರರ ಹಳೆಯ ಬೀಡಾದ ಇಂಗ್ಲಿಷ್ ಕ್ಯಾಂಪ್ ದಾಟಿ, ಮೈನ್ ಹಿಲ್ ಹಾದಿ ಹಿಡಿದು ಕೇಪ್‌ಹಾರ್ನ್ ಪಾಸ್ ಮೂಲಕ ಇಳಿದರೆ ಒಂದು ಸುತ್ತು. ನಡುವಿನ ಕವಲುಗಳಲ್ಲಿ ಎಷ್ಟು ಅಡ್ಡಾಡುತ್ತೀರಿ ಎಂಬುದರ ಮೇಲೆ 8ರಿಂದ 11 ಕಿ.ಮೀ. ಆಗಬಹುದು. ಏರು ಸುಮಾರು 1,200 ಅಡಿ. ಮಕ್ಕಳಿದ್ದರೆ ನಾಲ್ಕು ಗಂಟೆ ಇಟ್ಟುಕೊಳ್ಳಿ. ಕಣಿವೆಯಿಂದ ಹತ್ತಿ ಅಗಲ ರಸ್ತೆಯಲ್ಲಿ ಇಳಿಯುವುದೇ ಮೇಲು: ಏರುವಾಗ ಮರದ ನೆರಳು, ಇಳಿಯುವಾಗ ಮಂಡಿ ನೋವಿನವರಿಗೆ ಕಾಲಿಡಲು ಜಾಗ. ಮೇಲೆ ಕುಡಿಯುವ ನೀರು ಸಿಗುತ್ತದೆಂದು ನಂಬಿಕೊಳ್ಳಬೇಡಿ. ತಲೆಗೆ 2 ಲೀಟರ್, ಜುಲೈ–ಆಗಸ್ಟ್ ಆದರೆ 3. ಹಳ್ಳದ ನೀರನ್ನು ಕಾಯಿಸಿ ಕುಡಿದರಾಯಿತು ಎಂಬ ಊರಿನ ಧೈರ್ಯ ಇಲ್ಲಿ ಬೇಡ. ಕುದಿಸಿದರೆ ಸಾಯುವುದು ಕ್ರಿಮಿ, ಲೋಹವಲ್ಲ.

ಮುಚ್ಚಿದ ಸುರಂಗಗಳ ಸರಳಿನ ಬಾಗಿಲು ದಾಟಬೇಡಿ. ಪಾದರಸಕ್ಕಿಂತ ಮೊದಲು ಆಮ್ಲಜನಕವಿಲ್ಲದ ಗಾಳಿ ಮತ್ತು ಸಡಿಲ ಚಾವಣಿ ಕೊಲ್ಲುತ್ತವೆ. ಮೂರೆಲೆಯ ಪಾಯ್ಸನ್ ಓಕ್ ಗಿಡದಿಂದಲೂ ದೂರವಿರಿ. ಅದು ಗೇರು, ಮಾವಿನ ಕುಟುಂಬದ್ದು. ಗೇರುಬೀಜದ ಸಿಪ್ಪೆಯ ಎಣ್ಣೆ ತಾಗಿ ಕೈ ಬೊಬ್ಬೆ ಎದ್ದವರಿಗೆ ಇದರ ಉರಿ ಎಂಥದ್ದೆಂದು ಹೇಳಬೇಕಾಗಿಲ್ಲ.

ಇಂಗ್ಲಿಷ್ ಕ್ಯಾಂಪಿನಲ್ಲಿ ಬಾಳಿದವರಲ್ಲಿ ಕಾರ್ನ್‌ವಾಲ್‌ನ ಗಣಿಗಾರರೇ ಮುಖ್ಯ. 1880ರ ದಶಕದಿಂದ ಕೋಲಾರದ ಚಿನ್ನದ ಗಣಿಗೆ ಬಂದವರೂ ಇದೇ ಕಾರ್ನ್‌ವಾಲಿನವರು. ಕೆಜಿಎಫ್‌ನಲ್ಲಿ ಬೆಳೆದವರು ಇಲ್ಲಿ ಬಂದಾಗ ‘ನಮ್ಮ ಸಯನೈಡ್ ಗುಡ್ಡದ ಹಾಗೇನಾ?’ ಎನ್ನುತ್ತಾರೆ. ಹಾಗಲ್ಲ. ಅಲ್ಲಿಯದು ಗಿರಣಿಯಲ್ಲಿ ನುಣ್ಣಗೆ ಅರೆದ ಮಣ್ಣು, ಗಾಳಿ ಎದ್ದರೆ ಊರಿಗೇ ಹಾರುತ್ತದೆ. ಮಾಸ್ಕಿಗೆ ಅಲ್ಲಿ ಅರ್ಥವಿದೆ. ಇಲ್ಲಿಯದು ಹೆಚ್ಚಾಗಿ ಜಲ್ಲಿ. ಮೂಗಿಗಿಂತ ಕೈ, ಬಾಯಿ, ಬೂಟಿನ ಅಡಿ ಮುಖ್ಯ.

ಆದ್ದರಿಂದ ಚಿತ್ರಾನ್ನದ ಡಬ್ಬಿಯನ್ನು ಬೆಂಚಿನ ಮೇಲೆ ಬಿಚ್ಚಿ, ನೆಲದ ಮೇಲೆ ಬೇಡ. ತಿನ್ನುವ ಮೊದಲು ಸೋಪು–ನೀರಿನಲ್ಲಿ ಕೈ ತೊಳೆಯಿರಿ. ಸ್ಯಾನಿಟೈಸರ್ ಮಣ್ಣನ್ನು ಕೈತುಂಬ ಸವರುತ್ತದೆ, ತೆಗೆಯುವುದಿಲ್ಲ. ಇದಕ್ಕೆಂದೇ ಒಂದು ಲೀಟರ್ ನೀರು ಹೆಚ್ಚು ಹೊರಿ. ಕಂಡದ್ದೆಲ್ಲ ಬಾಯಿಗೆ ಹಾಕುವ ವಯಸ್ಸಿನ ಮಗುವನ್ನು ಕೆಂಪು ಚೂರಿನ ಇಳಿಜಾರಿನಲ್ಲಿ ಆಡಲು ಬಿಡಬೇಡಿ. ಮನೆಗೆ ಬಂದ ಮೇಲೆ ಬೂಟು ಹೊಸಿಲ ಹೊರಗೆ. ಅಡಿಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಒಣ ಬ್ರಷ್ಷಿನಲ್ಲಿ ಉಜ್ಜಬೇಡಿ.

ಇನ್ನು ಮೀನು. ಈ ಬೆಟ್ಟಗಳಿಂದ ಕೊಚ್ಚಿಹೋದ ಪಾದರಸ ಆಲ್ಮಡೆನ್, ಗ್ವಾಡಲೂಪೆ ಜಲಾಶಯಗಳ ತಳ ಸೇರಿದೆ. ಬೇಸಿಗೆಯಲ್ಲಿ ತಳದಲ್ಲಿ ಆಮ್ಲಜನಕ ತೀರಿದಾಗ ಅಲ್ಲಿನ ಬ್ಯಾಕ್ಟೀರಿಯಾ ಅದನ್ನು ಮೀಥೈಲ್ ಪಾದರಸ ಮಾಡುತ್ತವೆ. ಸಣ್ಣ ಜೀವಿಯಿಂದ ಸಣ್ಣ ಮೀನಿಗೆ, ಅಲ್ಲಿಂದ ದೊಡ್ಡ ಮೀನಿಗೆ ಅದು ಕೂಡುತ್ತಾ ಹೋಗುತ್ತದೆ. ನಿಜವಾಗಿ ಹೆದರಬೇಕಾದ ರೂಪ ಇದು, ಬಸುರಿಯರಂತೂ ಈ ಮೀನಿನ ಹತ್ತಿರ ಸುಳಿಯಬಾರದು. ಚರ್ಮ, ತಲೆ ತೆಗೆದರೂ ಪ್ರಯೋಜನವಿಲ್ಲ, ಅದು ಮಾಂಸದಲ್ಲೇ ಇರುತ್ತದೆ. ಹಿಡಿದ ಮೀನನ್ನು ನೀರಿಗೇ ಬಿಡಿ ಎಂಬ ಫಲಕ ಓದಿಯೂ ಬಕೆಟ್ ತುಂಬಿಸಿಕೊಳ್ಳುವವರಿಗೆ ಇನ್ನು ಹೇಳುವುದೇನು!

ಕಲ್ಲು ಈಗಾಗಲೇ ಮನೆ ಸೇರಿದ್ದರೆ ಗಾಬರಿ ಬೇಡ. ಪಾರ್ಕಿನಿಂದ ಕಲ್ಲು ತರುವುದು ನಿಯಮಕ್ಕೆ ವಿರುದ್ಧ ಎಂಬುದು ಬೇರೆ ಮಾತು. ಅದನ್ನು ಕುಟ್ಟಬೇಡಿ, ತೇಯಬೇಡಿ, ಕುಂಕುಮದಂತೆ ಹಣೆಗಿಡಬೇಡಿ, ದೀಪದ ಪಕ್ಕ ಇಡಬೇಡಿ, ಓವನ್ನಿಗಂತೂ ಹಾಕಲೇಬೇಡಿ. ಜಿಪ್ ಚೀಲದಲ್ಲಿಟ್ಟು, ಅದನ್ನು ಮುಚ್ಚಳವಿರುವ ಗಾಜಿನ ಭರಣಿಗೆ ಹಾಕಿ, ಮೇಲೆ ‘ಪಾದರಸದ ಅದಿರು’ ಎಂದು ಚೀಟಿ ಅಂಟಿಸಿ. ಕೌಂಟಿಯ ಮನೆಬಳಕೆ ಅಪಾಯಕಾರಿ ತ್ಯಾಜ್ಯದ ಕೇಂದ್ರಕ್ಕೆ ಮೊದಲೇ ಕರೆಮಾಡಿ ತಲುಪಿಸಿ. ಪುಡಿ ಉದುರಿದ್ದರೆ ಒದ್ದೆ ಪೇಪರ್ ಟವೆಲ್‌ನಲ್ಲಿ ಎತ್ತಿ ಅದೇ ಭರಣಿಗೆ ಸೇರಿಸಿ. ವ್ಯಾಕ್ಯೂಮ್ ಓಡಿಸಿದರೆ ಕೋಣೆಯೆಲ್ಲ ಹರಡುತ್ತದೆ. ಮಗು ನೆಕ್ಕಿದ್ದು ನಿಜವಾದರೆ ಮಕ್ಕಳ ವೈದ್ಯರಿಗೆ ‘ಸಿನ್ನಬಾರ್’ ಎಂಬ ಹೆಸರನ್ನೇ ಹೇಳಿ. ಅದಿರಿನ ಪಾದರಸಕ್ಕೆ ಸಾಮಾನ್ಯವಾಗಿ ಮೂತ್ರದ ಪರೀಕ್ಷೆ, ಮೀನಿನದಕ್ಕೆ ರಕ್ತದ್ದು. ಯಾವುದು ಬೇಕು, ಬೇಕೇ ಬೇಡವೇ ಎಂಬುದನ್ನು ಅವರು ತೀರ್ಮಾನಿಸಲಿ.