ಮೂಲ ಆಶಯ ಯಾರದು? ಸಂವಿಧಾನ ಸಭೆಯಿಂದ 371ಜೆ ತನಕ

ಸಂವಿಧಾನ ರಚಿಸಿದವರು ಅಂದು ಯಾವ ಅರ್ಥದಲ್ಲಿ ಬರೆದರೋ ಇಂದಿಗೂ ಅದೇ ಅರ್ಥ ಹಿಡಿಯಬೇಕು ಎಂಬ ವಾದಕ್ಕೆ ಅಮೆರಿಕದಲ್ಲಿ ಒರಿಜಿನಲಿಸಂ ಎನ್ನುತ್ತಾರೆ. ನ್ಯಾಯಾಧೀಶರು ತಮಗೆ ತೋಚಿದ್ದನ್ನು ಸಂವಿಧಾನದ ಬಾಯಲ್ಲಿ ಹೇಳಿಸಬಾರದು ಎಂಬ ಕಾಳಜಿಯೇ ಅದರ ಬಲ. ಆದರೆ 1857ರ ಡ್ರೆಡ್ ಸ್ಕಾಟ್ ತೀರ್ಪು ಅದರ ಅಪಾಯವನ್ನೂ ತೋರಿಸಿತು. ರಚನೆಯ ಕಾಲದಲ್ಲಿ ಕಪ್ಪು ಜನರನ್ನು ಪೌರರೆಂದು ಎಣಿಸಿರಲಿಲ್ಲ, ಹಾಗಾಗಿ ಈಗಲೂ ಅವರು ಪೌರರಲ್ಲ ಎಂದಿತು ಕೋರ್ಟು. ಬರೆಯುವಾಗ ಹೊರಗಿದ್ದವರು ಓದುವಾಗಲೂ ಹೊರಗೇ ಉಳಿದರು.

ಕಲಬುರಗಿ, ಬೀದರ್, ಯಾದಗಿರಿಗೆ ಇದು ದೂರದ ಮಾತಲ್ಲ. ಈ ಭಾಗದವರಿಗೆ ಸರ್ಕಾರಿ ನೌಕರಿಯಲ್ಲಿ ಪಾಲು ಕೊಡುವ 371ಜೆ ವಿಧಿಯ ಮೀಸಲಾತಿ ಸಂವಿಧಾನದ ಮೂಲ ಆಶಯಕ್ಕೆ ವಿರುದ್ಧ ಎನ್ನುವವರಿದ್ದಾರೆ. ಆದರೆ ಆ ಆಶಯ ರೂಪುಗೊಂಡ ಸಂವಿಧಾನ ಸಭೆಯಲ್ಲಿ, ಈ ಜಿಲ್ಲೆಗಳು ಆಗ ಸೇರಿದ್ದ ಹೈದರಾಬಾದ್ ಸಂಸ್ಥಾನದ ಪ್ರತಿನಿಧಿಗಳೇ ಇರಲಿಲ್ಲ. 1948ರ ಸೆಪ್ಟೆಂಬರ್ 17ರಂದು ಸಂಸ್ಥಾನ ಭಾರತದ ವಶಕ್ಕೆ ಬಂದ ನಂತರವೂ ಆ ಸ್ಥಾನಗಳು ತುಂಬಲಿಲ್ಲ. ಭಾರತದ ಸಂವಿಧಾನವನ್ನು ಒಪ್ಪುವ ನಿಜಾಮರ ಫರ್ಮಾನು ಬಂದದ್ದು 1949ರ ನವೆಂಬರ್ 23ಕ್ಕೆ, ಸಭೆ ಅದನ್ನು ಅಂಗೀಕರಿಸುವುದಕ್ಕೆ ಮೂರೇ ದಿನ ಮೊದಲು. ಈ ಜಿಲ್ಲೆಗಳ ಪರವಾಗಿ ಸಹಿ ಬಿದ್ದದ್ದು ಜನರದ್ದಲ್ಲ, ದೊರೆಯದು.

ಹಾಗೆಂದು ಸಭೆಯ ಚರ್ಚೆಗಳನ್ನು ಬದಿಗಿಡಬೇಕಿಲ್ಲ, ಅವನ್ನು ಪೂರ್ತಿ ಓದಬೇಕು. 1948ರ ನವೆಂಬರ್ 30ರಂದು ಸರ್ಕಾರಿ ಉದ್ಯೋಗದಲ್ಲಿ ಸಮಾನ ಅವಕಾಶ ಕುರಿತ ಇಂದಿನ 16ನೇ ವಿಧಿ ಚರ್ಚೆಗೆ ಬಂತು. ಉದ್ಯೋಗಕ್ಕೆ ವಾಸದ ಷರತ್ತು ಹಾಕುವ ಅಧಿಕಾರ ರಾಜ್ಯಗಳಿಗಲ್ಲ, ಸಂಸತ್ತಿಗೆ ಮಾತ್ರ ಇರಲಿ ಎಂಬ ತಿದ್ದುಪಡಿ ತಂದವರು ಅಲ್ಲಾಡಿ ಕೃಷ್ಣಸ್ವಾಮಿ ಅಯ್ಯರ್. ಬೇರೂರದೆ ಬಂದು ಹುದ್ದೆ ಹಿಡಿದು ಹೊರಟುಹೋಗುವವರಿಗೆ ಅವಕಾಶ ಕೊಡಲಾಗದು ಎಂದು ಅಂಬೇಡ್ಕರ್ ಅದನ್ನು ಸಮರ್ಥಿಸಿದರು. ಅದೇ ಭಾಷಣದಲ್ಲಿ, ಮೀಸಲಾತಿ ಕಡಿಮೆ ಪಾಲಿನ ಹುದ್ದೆಗಳಿಗೆ ಸೀಮಿತವಾಗಿರಬೇಕು ಎಂದೂ ಹೇಳಿದರು. 1992ರಲ್ಲಿ ಸುಪ್ರೀಂ ಕೋರ್ಟಿನ ಇಂದ್ರಾ ಸಾಹ್ನಿ ತೀರ್ಪು ಮೀಸಲಾತಿಯ ಶೇ 50ರ ಮಿತಿಗೆ ಆಧಾರ ಮಾಡಿಕೊಂಡದ್ದು ಈ ಎರಡನೆಯ ಮಾತನ್ನು. ಒಂದೇ ಭಾಷಣದಿಂದ ಬೇಕಾದ ತುಂಡನ್ನಷ್ಟೇ ಎತ್ತಿಕೊಂಡು ಅದನ್ನೇ ಮೂಲ ಆಶಯ ಎನ್ನುವುದು ಪ್ರಾಮಾಣಿಕ ಓದಲ್ಲ.

ನಿಜಾಮರ ಆಡಳಿತದ ಮುಲ್ಕಿ (ಸ್ಥಳೀಯರಿಗೆ ಆದ್ಯತೆಯ) ನಿಯಮದಲ್ಲಿ ನೌಕರಿಗೆ 15 ವರ್ಷಗಳ ವಾಸ ಬೇಕಿತ್ತು. 1956ರಲ್ಲಿ ಸಂಸ್ಥಾನ ಮೂರು ಪಾಲಾದಾಗ 371ನೇ ವಿಧಿ ತೆಲಂಗಾಣಕ್ಕೂ ಮರಾಠವಾಡಕ್ಕೂ ವಿಶೇಷ ವ್ಯವಸ್ಥೆಗೆ ದಾರಿ ಮಾಡಿತು. ಮೈಸೂರಿಗೆ ಸೇರಿದ ಕನ್ನಡ ಜಿಲ್ಲೆಗಳಿಗೆ ಏನೂ ಸಿಗಲಿಲ್ಲ. ತೆಲಂಗಾಣದ್ದೂ ನಿಲ್ಲಲಿಲ್ಲ. ವಾಸದ ಷರತ್ತಿನ ಅಧಿಕಾರವನ್ನು ಸಂಸತ್ತಿಗೆ ಕೊಟ್ಟ 16(3)ರಲ್ಲಿರುವುದು ‘ರಾಜ್ಯದೊಳಗಿನ ವಾಸ’, ಅಂದರೆ ಇಡೀ ರಾಜ್ಯ, ಅದರ ಒಂದು ಭಾಗವಲ್ಲ ಎಂದು 1969ರಲ್ಲಿ ಸುಪ್ರೀಂ ಕೋರ್ಟ್ ಆ ಭಾಗದ ಷರತ್ತನ್ನು ರದ್ದು ಮಾಡಿತು. ಅಕ್ಷರಕ್ಕಷ್ಟೇ ಅಂಟಿಕೊಂಡ ಓದು ಹಿಂದುಳಿದ ಪ್ರದೇಶಕ್ಕೆ ಎಂಥ ಪೆಟ್ಟು ಕೊಡುತ್ತದೆ ಎಂಬುದಕ್ಕೆ ನಮ್ಮ ನೆರೆಯಲ್ಲೇ ಸಿಗುವ ಉದಾಹರಣೆ ಇದು. ತೆಲಂಗಾಣಕ್ಕೆ ಕೊನೆಗೆ 371ಡಿ ಎಂಬ ಹೊಸ ವಿಧಿಯೇ ಬೇಕಾಯಿತು.

ಇತ್ತ ಅಸಮಾನತೆ ಬೆಳೆಯುತ್ತಲೇ ಹೋಯಿತು. 2002ರ ನಂಜುಂಡಪ್ಪ ವರದಿ ಗುರುತಿಸಿದ 39 ಅತ್ಯಂತ ಹಿಂದುಳಿದ ತಾಲ್ಲೂಕುಗಳಲ್ಲಿ 21 ಗುಲ್ಬರ್ಗ ವಿಭಾಗದವು. ದಶಕಗಳ ಹೋರಾಟದ ಮೇಲೆ 2012ರ ಡಿಸೆಂಬರ್‌ನಲ್ಲಿ 371ಜೆ ವಿಧಿಯನ್ನು ಸೇರಿಸುವ 98ನೇ ತಿದ್ದುಪಡಿಗೆ ಸಂಸತ್ತು ಒಪ್ಪಿತು. 2013ರ ಆದೇಶದಂತೆ ಈ ಭಾಗದ ಗ್ರೂಪ್ ಎ ಕಿರಿಯ ಶ್ರೇಣಿ ಮತ್ತು ಬಿ ಹುದ್ದೆಗಳಲ್ಲಿ ಶೇ 75, ಸಿಯಲ್ಲಿ 80, ಡಿಯಲ್ಲಿ 85 ಸ್ಥಳೀಯರಿಗೆ. ರಾಜ್ಯಮಟ್ಟದ ಕಚೇರಿಗಳಲ್ಲಿ ಶೇ 8. ಉಪವಿಭಾಗಾಧಿಕಾರಿ ಕೊಡುವ ಅರ್ಹತಾ ಪ್ರಮಾಣಪತ್ರ ಇಲ್ಲದಿದ್ದರೆ ಇದರ ಲಾಭ ಸಿಗುವುದಿಲ್ಲ.

ಜಗಳ ಈಗ ಬಂದು ನಿಂತಿರುವುದು ಆಯ್ಕೆ ಪಟ್ಟಿಯಲ್ಲಿ. ಹೆಚ್ಚು ಅಂಕ ಪಡೆದ ಸ್ಥಳೀಯ ಅಭ್ಯರ್ಥಿಯನ್ನು ಮೊದಲು ಉಳಿಕೆ ಮೂಲ ವೃಂದಕ್ಕೆ (ಸ್ಥಳೀಯರಿಗೆ ಮೀಸಲಲ್ಲದ ಹುದ್ದೆಗಳಿಗೆ) ಎಣಿಸಬೇಕೋ ಸ್ಥಳೀಯ ವೃಂದಕ್ಕೋ? ಸ್ಥಳೀಯ ವೃಂದಕ್ಕೆ ಎಣಿಸಿದರೆ ಅವರ ಹಿಂದಿದ್ದ ಇನ್ನೊಬ್ಬ ಸ್ಥಳೀಯರ ಹುದ್ದೆ ಹೋಗುತ್ತದೆ. ಕನಿಷ್ಠ ಖಾತ್ರಿಯಾಗಿ ಬಂದ ಪಾಲು ಗರಿಷ್ಠ ಮಿತಿಯಾಗುತ್ತದೆ. ಇಲ್ಲಿ ಮೂಲ ಆಶಯ ಹುಡುಕುವುದು ಕಷ್ಟವಲ್ಲ. ಈ ಭಾಗದ ಜನರಿಗೆ ಉದ್ಯೋಗ ಹೆಚ್ಚಿಸುವುದೂ ಒಂದು ಗುರಿ ಎಂದು ತಿದ್ದುಪಡಿ ಮಸೂದೆಯ ಉದ್ದೇಶ ಹೇಳಿಕೆಯಲ್ಲೇ ಬರೆದಿದೆ.